ಮಳೆಗೆ ಮುನ್ನ ಮಾಡಿನ ಕೆಲಸ

ಕರಾವಳಿ ಮತ್ತು ಮಲೆನಾಡಿನಲ್ಲಿ ಮನೆಯ ಮಾಡನ್ನು ವರ್ಷಕ್ಕೊಮ್ಮೆ ನೋಡಿ ಸರಿಪಡಿಸುವ ಪದ್ಧತಿಗೆ ಗಡುವು ಹಾಕಿದ್ದು ಮಳೆ. ಮಂಗಳೂರಿನಲ್ಲಿ ವರ್ಷದ ಮಳೆ 3500 ಮಿಲಿಮೀಟರ್ ಮೀರುತ್ತದೆ, ಆಗುಂಬೆಯಲ್ಲಿ 7000 ದಾಟುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಜೂನ್ ಮೊದಲ ವಾರದಲ್ಲಿ ಹಿಡಿದ ಮಳೆ ಆಗಸ್ಟ್ ನಡುವಿಗೆ ತುಳುವರ ಆಟಿ ತಿಂಗಳು ಕಳೆಯುವ ತನಕ ಬಿಡುವು ಕೊಡುವುದು ಅಪರೂಪ. ಆ ನಡುವೆ ಮಾಡು ಸೋರತೊಡಗಿದರೆ ಮೇಲೆ ಹತ್ತುವಂತಿಲ್ಲ. ಹುಲ್ಲು ನೆನೆದು ಕುಸಿಯುತ್ತಿರುತ್ತದೆ, ಹಂಚಿನ ಮೇಲೆ ಕಾಲಿಟ್ಟರೆ ಜಾರುತ್ತದೆ, ಹೊಸದಾಗಿ ಹೊದಿಸಲು ಒಣಗಿದ ಸಾಮಗ್ರಿ ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಮಾಡಿನ ಕೆಲಸವೆಲ್ಲ ಬೇಸಿಗೆಯಲ್ಲೇ ಮುಗಿಯಬೇಕಿತ್ತು.

ತುಳುನಾಡಿನಲ್ಲಿ ಈ ಗಡುವಿಗೊಂದು ದಿನವೇ ಗೊತ್ತಿತ್ತು. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ ಮೇ 24ರ ಸುಮಾರಿಗೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಭೂತಕೋಲಗಳು ನಿಲ್ಲುತ್ತವೆ, ದೇವಸ್ಥಾನಗಳ ಉತ್ಸವಗಳಿಗೆ ತೆರೆ ಬೀಳುತ್ತದೆ. ಮನೆಯ ಮಟ್ಟಿಗೆ ಅದರರ್ಥ ಬೇರೆ: ಮಾಡು ಹೊದಿಸಿ ಆಗಿರಬೇಕು, ಸೌದೆ ಕೊಟ್ಟಿಗೆ ಸೇರಿರಬೇಕು, ಜಗಲಿಯ ಪಡುದಿಕ್ಕಿಗೆ ಜಡಿ ತಟ್ಟಿ ಕಟ್ಟಿರಬೇಕು. ಘಟ್ಟದ ಮೇಲೆ ಲೆಕ್ಕ ಮಳೆ ನಕ್ಷತ್ರಗಳದು. ಕೃತ್ತಿಕೆ, ರೋಹಿಣಿಯ ಅಡ್ಡಮಳೆಗಳು ಮಾಡಿಗೆ ಪರೀಕ್ಷೆಯಿದ್ದಂತೆ. ಅವುಗಳಲ್ಲಿ ಸೋರಿದ ಜಾಗವನ್ನು ಜೂನ್ ಎರಡನೆಯ ವಾರದ ಮೃಗಶಿರೆಯೊಳಗೆ ಮುಚ್ಚಬೇಕು. ಆರಿದ್ರೆ ಹುಟ್ಟಿದ ಮೇಲೆ ಮಾಡು ಹತ್ತುವವನನ್ನು ಊರವರು ಸೋಮಾರಿಯ ಪಟ್ಟಿಗೆ ಸೇರಿಸುತ್ತಿದ್ದರು.

ಹಂಚು ಬರುವುದಕ್ಕೆ ಮುಂಚೆ, ಬಂದ ಮೇಲೂ ಬಹುಕಾಲ, ಹೆಚ್ಚಿನ ಮನೆಗಳಿಗಿದ್ದುದು ಹುಲ್ಲಿನ ಅಥವಾ ಗರಿಯ ಮಾಡು. ದಕ್ಷಿಣ ಕನ್ನಡದ ಒಳನಾಡಿನಲ್ಲಿ ಗುಡ್ಡೆ, ಪದವುಗಳಲ್ಲಿ ಆಳೆತ್ತರ ಬೆಳೆಯುವ ಮುಳಿಹುಲ್ಲು, ಕಡಲ ಬದಿಯಲ್ಲಿ ಹೆಣೆದ ತೆಂಗಿನ ಮಡಲು, ಅಡಿಕೆ ಸೀಮೆಯಾದ ಶಿರಸಿ, ಸಿದ್ಧಾಪುರ, ಸಾಗರದ ಕಡೆ ಅಡಿಕೆಯ ಸೋಗೆ, ಮಲೆನಾಡಿನ ಬೇರೆ ಭಾಗಗಳಲ್ಲಿ ಕರಡ ಮತ್ತು ಭತ್ತದ ಹುಲ್ಲು. ಯಾವುದು ಹತ್ತಿರದಲ್ಲಿ ಬಿಟ್ಟಿ ಸಿಗುತ್ತದೋ ಅದೇ ಮಾಡಾಗುತ್ತಿತ್ತು. ಬಾಳಿಕೆಯೂ ಅದರಂತೆಯೇ. ಸೋಗೆ ಒಂದು ಮಳೆಗಾಲಕ್ಕೆ ಸಾಕು, ಮುಂದಿನ ವರ್ಷಕ್ಕೆ ಮತ್ತೆ ಹೊದಿಸಲೇಬೇಕು. ಮುಳಿಯನ್ನು ದಪ್ಪಗೆ ಹಾಸಿದರೆ ಒಂದು ವರ್ಷ ಹೆಚ್ಚು ತಡೆಯುತ್ತದೆ, ಮೇಲಿಂದ ಒಂದು ಪದರ ಸೇರಿಸುತ್ತ ಹೋಗಬಹುದು.

ಕೆಲಸ ಶುರುವಾಗುತ್ತಿದ್ದುದು ಮಾಡಿನ ಮೇಲಲ್ಲ, ಗುಡ್ಡೆಯಲ್ಲಿ, ಅದೂ ತಿಂಗಳುಗಟ್ಟಲೆ ಮೊದಲು. ಮಳೆ ನಿಂತು ಹುಲ್ಲು ಬಲಿತು ಹಳದಿಗೆ ತಿರುಗಿದ ಮೇಲೆ ಅದನ್ನು ಕೊಯ್ದು ಸೂಡಿ ಕಟ್ಟಿ ಹೊತ್ತು ತರಬೇಕು. ತಡಮಾಡಿದರೆ ದನ ಮೇಯುತ್ತದೆ, ಇಲ್ಲವೇ ಬೇಸಿಗೆಯ ಕಿಚ್ಚು ಗುಡ್ಡೆಯನ್ನೇ ನುಂಗುತ್ತದೆ. ತೆಂಗಿನ ಗರಿಯನ್ನು ಸೀಳಿ, ಕೆಲವು ದಿನ ನೀರಲ್ಲಿ ನೆನೆಹಾಕಿ, ಮೆದುವಾದ ಮೇಲೆ ಹೆಣೆಯುತ್ತಿದ್ದರು. ಈ ಹೆಣಿಗೆ ಹೆಚ್ಚಾಗಿ ಹೆಂಗಸರ ಕೈಕೆಲಸ. ಸೋಗೆಯಾದರೆ ಅಡಿಕೆ ಕೊಯ್ಲು ಮುಗಿದ ಮೇಲೆ ತೋಟದಿಂದ ಆಯ್ದು ತಂದು ಒಣಗಿಸಿ ಒಟ್ಟಿಡುವುದು. ಹುಲ್ಲು ಬೆಳೆಯುವ ಗುಡ್ಡೆ, ಸೊಪ್ಪಿನ ಬೆಟ್ಟ, ಜಮೀನಿಗೆ ತಾಗಿದ ಕುಮ್ಕಿ ಜಾಗಗಳ ಮೇಲಿನ ಹಕ್ಕಿಗೆ ಆ ಕಾಲದಲ್ಲಿ ಅಷ್ಟು ಜಗಳ ನಡೆದದ್ದು ಗೊಬ್ಬರದ ಸೊಪ್ಪಿಗಾಗಿ ಮಾತ್ರವಲ್ಲ. ಮನೆಗೊಂದು ಮಾಡು ಬೇಕೆಂದರೂ ಗುಡ್ಡೆ ಬೇಕಿತ್ತು.

ಹೊದಿಸುವ ದಿನ ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಹಳೆಯ ಹುಲ್ಲನ್ನು ಬೆಳಿಗ್ಗೆ ಕಿತ್ತರೆ ಸಂಜೆಯೊಳಗೆ ಹೊಸದು ಕೂರಬೇಕು, ಯಾಕೆಂದರೆ ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗುಮಳೆಯನ್ನು ನಂಬುವಂತಿಲ್ಲ. ಅದಕ್ಕೇ ನೆರೆಯವರೆಲ್ಲ ಸೇರುತ್ತಿದ್ದರು. ಮಲೆನಾಡಿನಲ್ಲಿ ಇದು ಮುಯ್ಯಾಳಿನ ಲೆಕ್ಕ: ಇಂದು ಈ ಮನೆಗೆ ಬಂದವರ ಮನೆಗೆ ನಾಳೆ ಈ ಮನೆಯವರು ಹೋಗಬೇಕು. ಕೂಲಿಯಿಲ್ಲ, ಊಟವುಂಟು. ಹಳೆಯ ಮಾಡು ಬಿಚ್ಚಿದಾಗ ಕೆಳಗಿನ ಪಕ್ಕಾಸು, ದಬ್ಬೆ, ಕಟ್ಟಿದ ಬಳ್ಳಿ ಎಲ್ಲ ಕಣ್ಣಿಗೆ ಬೀಳುತ್ತಿದ್ದವು. ಗೆದ್ದಲು ಹಿಡಿದದ್ದು, ಕುಟ್ಟೆ ಕೊರೆದದ್ದು, ಭಾರಕ್ಕೆ ಬಾಗಿದ್ದು ಅಂದೇ ಬದಲಾಗುತ್ತಿತ್ತು. ಹುಲ್ಲಿನ ಮಾಡಿನ ದೊಡ್ಡ ಗುಣ ಇದೇ ಎನ್ನಬೇಕು. ಅದು ಬೇಗ ಹಾಳಾಗುತ್ತಿದ್ದುದರಿಂದಲೇ ಮನೆಯ ಮರಮಟ್ಟನ್ನು ವರ್ಷಕ್ಕೊಮ್ಮೆ ಪೂರ್ತಿಯಾಗಿ ನೋಡುವ ಅವಕಾಶ ತಾನಾಗಿ ಒದಗುತ್ತಿತ್ತು. ಕಿತ್ತ ಹುಲ್ಲು ಗೊಬ್ಬರದ ಗುಂಡಿಗೋ ಸುಡುಮಣ್ಣಿಗೋ ಹೋಗುತ್ತಿತ್ತು.

ಅಡುಗೆಮನೆಯ ಹೊಗೆಗೂ ಇಲ್ಲೊಂದು ಪಾತ್ರವಿತ್ತು. ಹೊಗೆಗೆ ಬೇರೆ ದಾರಿ ಇಲ್ಲದೆ ಹುಲ್ಲಿನ ಸಂದುಗಳಿಂದಲೇ ಹೊರಗೆ ಹೋಗಬೇಕು. ಮಾಡಿನ ಒಳಮೈ ಕಪ್ಪಗೆ ಇಲ್ಲಣಗಟ್ಟುತ್ತಿತ್ತು. ಹಾಗೆ ಹೊಗೆಯಾಡಿದ ಮಾಡಿಗೆ ಹುಳದ ಕಾಟ ಕಡಿಮೆ, ಹುಲ್ಲೂ ಬೇಗ ಕೊಳೆಯದು. ಪಾಳುಬಿದ್ದ ಮನೆಯ ಮಾಡು ವಾಸದ ಮನೆಯ ಮಾಡಿಗಿಂತ ಬೇಗ ಕುಸಿಯುತ್ತಿದ್ದುದಕ್ಕೆ ಒಲೆ ಆರಿದ್ದೂ ಒಂದು ಕಾರಣ.

ಹುಲ್ಲಿನ ಮಾಡಿನ ದೋಷ ಬೆಂಕಿ. ಮಳೆಗಾಲಕ್ಕೆಂದು ಒಣಗಿದ ಹುಲ್ಲು ಹೊದಿಸುವ ಹೊತ್ತೇ ಬೆಂಕಿಯ ಹೊತ್ತೂ ಆಗಿತ್ತು. ಒಂಟಿಮನೆಗೆ ಕಿಡಿ ಬಿದ್ದರೆ ಅದೊಂದೇ ಹೋಗುತ್ತದೆ. ಪೇಟೆಯಲ್ಲಿ ಒಂದಕ್ಕೊಂದು ಆತುಕೊಂಡ ಮಾಡುಗಳಲ್ಲಿ ಬೀದಿಗೆ ಬೀದಿಯೇ ಉರಿಯುತ್ತದೆ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಪೇಟೆಗಳಿಗೂ ಅನ್ವಯಿಸಿದ 1920ರ ಮದ್ರಾಸ್ ಜಿಲ್ಲಾ ಪುರಸಭೆಗಳ ಕಾಯ್ದೆಯಲ್ಲಿ ಹುಲ್ಲು, ಎಲೆ, ಚಾಪೆಯಂಥ ಬೆಂಕಿ ಹಿಡಿಯುವ ವಸ್ತುಗಳಿಂದ ಮಾಡು ಕಟ್ಟಲು ಅನುಮತಿ ಬೇಕೆಂಬ ನಿಯಮ ಸೇರಿದ್ದು ಇದೇ ಕಾರಣಕ್ಕೆ.

ಹುಲ್ಲಿನ ಮಾಡಿನ ಕಾಲದಲ್ಲೂ ಹಂಚು ಗೊತ್ತಿಲ್ಲದ ವಸ್ತುವೇನಲ್ಲ. ಕುಂಬಾರರು ತಿಗರಿಯ ಮೇಲೆ ಕೊಳವೆಯಾಕಾರದಲ್ಲಿ ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಎರಡು ಸೀಳಾಗಿಸಿ ಸುಡುತ್ತಿದ್ದ ನಾಡಹಂಚು ಕನ್ನಡ ನಾಡಿನ ಬಹುಭಾಗದಲ್ಲಿ ಬಳಕೆಯಲ್ಲಿತ್ತು. ಆದರೆ ಅದು ದೇವಸ್ಥಾನ, ಅರಮನೆ, ಸ್ಥಿತಿವಂತರ ಮನೆಗಳ ಹೊದಿಕೆ. ನೆರೆಯ ಮಲಬಾರಿನಲ್ಲಿ ಹಂಚು ಹೊದಿಸುವುದು ಕೇವಲ ದುಡ್ಡಿನ ಪ್ರಶ್ನೆಯಾಗಿರಲಿಲ್ಲ. ಕಲ್ಲಿಕೋಟೆಯ ಸಾಮೂದಿರಿಯ ರಾಜ್ಯದಲ್ಲಿ ಅದು ದೇವಾಲಯ ಮತ್ತು ಅರಮನೆಗೆ ಮೀಸಲಾದ ಗೌರವ. ಬೇರೆಯವರು ಹೊದಿಸಬೇಕಾದರೆ ರಾಜನ ಅಪ್ಪಣೆ ಬೇಕಿತ್ತು.

ಕಲ್ಲಿನ ಮಾಡನ್ನೂ ಕರಾವಳಿ ಕಂಡಿದೆ. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಮತ್ತು ಭಟ್ಕಳದ ಹಳೆಯ ಗುಡಿಗಳಲ್ಲಿ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿ, ಎರಡು ಚಪ್ಪಡಿ ಸೇರುವ ಗೀಟಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಕವುಚಿದ್ದಾರೆ. ಮರದ ಮಾಡಿನ ರೂಪವನ್ನು ಕಲ್ಲಿಗೆ ಇಳಿಸಿದ ಕೆಲಸ ಅದು. ಈ ಕಟ್ಟಡಗಳಿಗೂ ನೇಪಾಳದ ಕಟ್ಟಡಗಳಿಗೂ ಇರುವ ಹೋಲಿಕೆ ಹತ್ತೊಂಬತ್ತನೆಯ ಶತಮಾನದ ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗುಸನ್‌ನನ್ನು ಬೆರಗುಗೊಳಿಸಿತ್ತು. ದೂರದ ಸಂಬಂಧ ಹುಡುಕುವ ಮೊದಲು ಮೂಡಬಿದಿರೆಯಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಬೆರಗು ಅಷ್ಟಿರುತ್ತಿರಲಿಲ್ಲವೇನೋ. ನೀರು ನಿಲ್ಲದಂತೆ ಜಾರಿಸುವುದೊಂದೇ ಇಲ್ಲಿನ ಕಟ್ಟಡಗಳ ಮೊದಲ ನಿಯಮ.

ನಾಡಹಂಚಿಗೆ ಕೊಂಡಿಯಿಲ್ಲ, ತೋಡಿಲ್ಲ. ಕೆಳಸಾಲು ಅಂಗಾತ, ಮೇಲುಸಾಲು ಬೋರಲು, ಎರಡೂ ತಮ್ಮ ಭಾರದಿಂದಲೇ ಕೂತಿರಬೇಕು. ಬೆಕ್ಕು ಓಡಾಡಿದರೆ, ಮಂಗ ಹಾರಿದರೆ, ಗಾಳಿ ಜೋರಾಗಿ ಬೀಸಿದರೆ ಸರಿಯುತ್ತದೆ. ಒಂದು ಸರಿದರೆ ಅದರ ಕೆಳಗಿನದು ಬಾಯಿಬಿಡುತ್ತದೆ. ಹೀಗಾಗಿ ವರ್ಷಕ್ಕೊಮ್ಮೆ ಮಾಡಿನ ಹಂಚನ್ನೆಲ್ಲ ತೆಗೆದು, ಒಳಗೆ ಸೇರಿದ ತರಗೆಲೆ, ಮಣ್ಣು, ಇಲಿಗೂಡು ಗುಡಿಸಿ, ಒಡೆದದ್ದನ್ನು ಬೇರ್ಪಡಿಸಿ ಮತ್ತೆ ಜೋಡಿಸಬೇಕಿತ್ತು. ಹಂಚು ಕೈಯಾಡಿಸುವುದು ಎನ್ನುತ್ತಿದ್ದ ಈ ಕೆಲಸ ಮಲೆನಾಡಿನಲ್ಲೂ ಹಳೆ ಮೈಸೂರಿನ ಊರುಗಳಲ್ಲೂ ಮುಂಗಾರಿಗೆ ಮುನ್ನದ ಖಾಯಂ ಖರ್ಚು. ಕುಂಬಾರರಿಗೆ ಆ ಹೊತ್ತಿನಲ್ಲಿ ಬಿಡುವಿಲ್ಲ. ಪ್ರತಿ ಮನೆಗೂ ಒಡೆದ ಹಂಚಿನ ಲೆಕ್ಕಕ್ಕೆ ಹೊಸದು ಬೇಕಾಗುತ್ತಿತ್ತು.

ಈ ವಾರ್ಷಿಕ ಕೆಲಸದ ಭಾರ ತಗ್ಗಿಸಿದ್ದು ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚು. ಅದರ ಹುಟ್ಟು ಮಂಗಳೂರಿನದಲ್ಲ. ಫ್ರಾನ್ಸಿನ ಆಲ್ಸೇಸ್ ಪ್ರದೇಶದ ಆಲ್ಟ್‌ಕಿರ್ಕ್ ಎಂಬಲ್ಲಿ ಜಿಲಾರ್ಡೋನಿ ಸಹೋದರರು 1841ರಲ್ಲಿ ಅಂಥ ಹಂಚಿಗೆ ಪೇಟೆಂಟ್ ಪಡೆದಿದ್ದರು. ಆ ಊರು ಸ್ವಿಜರ್ಲೆಂಡಿನ ಬಾಸೆಲ್ ನಗರಕ್ಕೆ ಹತ್ತಿರ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ಗೆ ಇಲ್ಲಿ ಎದುರಾದ ತೊಡಕು ಮತಾಂತರಗೊಂಡವರ ಹೊಟ್ಟೆಪಾಡು. ಜಾತಿಯಿಂದ ಹೊರಬಿದ್ದವರು ಮನೆ, ಗೇಣಿ ಭೂಮಿ, ಕಸುಬು ಮೂರನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗಾಗಿ ಮಿಷನ್ ಮುದ್ರಣ, ನೇಯ್ಗೆ ಮುಂತಾದ ಕೆಲಸಗಳನ್ನು ತೆರೆಯಿತು. ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್‌ಸ್ಟ್ ಇಲ್ಲಿನ ನದಿದಡದ ಜೇಡಿಯನ್ನು ಪರೀಕ್ಷಿಸಿ, ಅದು ಯುರೋಪಿನ ಮಾದರಿಯ ಹಂಚಿಗೆ ಒಗ್ಗುತ್ತದೆಂದು ಕಂಡುಕೊಂಡ. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾಯಿತು. ಮಣ್ಣು ಅರೆಯುವ ಯಂತ್ರವನ್ನು ಮೊದಮೊದಲು ಎತ್ತುಗಳು ತಿರುಗಿಸುತ್ತಿದ್ದವು. ಆಮೇಲೆ ಉಗಿಯಂತ್ರ ಬಂತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಕೊಡಕ್ಕಲ್, ಪಾಲಕ್ಕಾಡು, ಫೆರೋಕ್‌ಗಳಲ್ಲಿ ಮಿಷನ್‌ನ ಇತರ ಕಾರ್ಖಾನೆಗಳು ಎದ್ದವು. ಮಂಗಳೂರಿನ ಸ್ಥಳೀಯ ಉದ್ಯಮಿಗಳೂ ತಡಮಾಡಲಿಲ್ಲ. ಅದರಲ್ಲೂ ಕೊಂಕಣಿ ಕ್ರೈಸ್ತ ಕುಟುಂಬಗಳು ಬೇಗನೆ ಈ ವ್ಯಾಪಾರಕ್ಕಿಳಿದವು. ನೇತ್ರಾವತಿ, ಗುರುಪುರ ನದಿಗಳ ದಡದುದ್ದಕ್ಕೂ, ಮುಂದೆ ಕುಂದಾಪುರದಲ್ಲೂ, ಹಂಚಿನ ಕಾರ್ಖಾನೆಗಳ ಹೊಗೆಗೂಡುಗಳು ಕಾಣಿಸಿಕೊಂಡವು.

ನದಿದಡವೇ ಬೇಕಾಗಿದ್ದಕ್ಕೆ ಕಾರಣ ಜೇಡಿಮಣ್ಣೊಂದೇ ಅಲ್ಲ. ಘಟ್ಟದ ಕಡೆಯ ಸೌದೆ ದೋಣಿಯಲ್ಲಿ ಇಳಿದುಬರುತ್ತಿತ್ತು, ಸುಟ್ಟ ಹಂಚು ಮಂಜಿ ಎಂಬ ಹಾಯಿಹಡಗುಗಳಲ್ಲಿ ಕಡಲಿಗೆ ಹೋಗುತ್ತಿತ್ತು. ಮುಂಬಯಿ, ಗೋವಾ, ಸಿಲೋನ್, ಪೂರ್ವ ಆಫ್ರಿಕಾದವರೆಗೆ ಮಂಗಳೂರು ಹಂಚು ತಲುಪಿತು. 1914ರ ಮಹಾಯುದ್ಧದ ಹೊತ್ತಿಗೆ ಜರ್ಮನ್ನರು ತುಂಬಿದ್ದ ಮಿಷನ್‌ನ ಆಸ್ತಿಯನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು, 1919ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಕಾರ್ಖಾನೆಗಳನ್ನು ಒಪ್ಪಿಸಿತು. ಹಳೆಯ ಮನೆಗಳ ಹಂಚಿನ ಒಳಮೈಯಲ್ಲಿ ಇಂದಿಗೂ 1865 ಎಂಬ ಅಂಕಿ ಕಾಣುತ್ತದೆ. ಅಷ್ಟು ಹಳೆಯ ಹಂಚೆಂದು ಹಲವರು ಹೆಮ್ಮೆಪಡುವುದುಂಟು. ಅದು ಕಾರ್ಖಾನೆ ಹುಟ್ಟಿದ ವರ್ಷ. ಹಲವು ದಶಕಗಳ ಅನಂತರ ಒತ್ತಿದ ಹಂಚಿನ ಮೇಲೂ ಅದೇ ಅಚ್ಚು ಬಿದ್ದಿದೆ.

ಹೊಸ ಹಂಚಿನ ಗುಣ ಅದರ ಅಂಚಿನಲ್ಲಿದೆ. ಪ್ರತಿ ಹಂಚಿನ ಒಂದು ಪಕ್ಕದ ಏಣು ಮುಂದಿನ ಹಂಚಿನ ತೋಡಿನೊಳಗೆ ಕೂರುತ್ತದೆ, ಹಿಂಬದಿಯ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಭಾರತೀಯ ಮಾನಕ ಸಂಸ್ಥೆ ಮಂಗಳೂರು ಹಂಚಿಗೆ ನಿಗದಿ ಮಾಡಿದ ಉದ್ದ ಮೂರು ಬಗೆಯದು: 410, 420 ಮತ್ತು 425 ಮಿಲಿಮೀಟರ್. ಒಂದರ ತೂಕ ಎರಡರಿಂದ ಮೂರು ಕಿಲೋ. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಹಂಚು ಸಾಕು. ಎರಡು ಪದರ ಹೊದಿಸಬೇಕಿದ್ದ ನಾಡಹಂಚಿಗೆ ಹೋಲಿಸಿದರೆ ಮಾಡಿನ ಭಾರ ಬಹಳ ತಗ್ಗಿತು, ತೆಳುವಾದ ಪಕ್ಕಾಸು ಸಾಕಾಯಿತು. ಪ್ರತಿ ವರ್ಷ ಎಲ್ಲವನ್ನೂ ಬಿಚ್ಚುವ ಅಗತ್ಯವೂ ಹೋಯಿತು. ಬಿಚ್ಚುವ ಬದಲು ನೋಡಿ ಸರಿಪಡಿಸುವುದು ಎಂಬ ಹೊಸ ಕೆಲಸ ಹುಟ್ಟಿದ್ದು ಇಲ್ಲಿಂದ. ಅದನ್ನು ಮಾಡಲು ಬಲ್ಲವರು ಊರಿಗೆ ಒಬ್ಬಿಬ್ಬರು ಮಾತ್ರ.

ನೋಡುವ ಕೆಲಸ ಒಳಗಿನಿಂದ ಶುರುವಾಗುತ್ತದೆ. ಬಿಸಿಲೇರಿದ ಹೊತ್ತಿಗೆ ಅಟ್ಟಕ್ಕೆ ಹತ್ತಿ, ಬಾಗಿಲು ಕಿಟಕಿ ಮುಚ್ಚಿಸಿ, ಮೇಲೆ ನೋಡಿದರೆ ಎಲ್ಲಿ ಹಂಚು ಸೀಳಿದೆ, ಎಲ್ಲಿ ಜಾರಿದೆ ಎಂಬುದನ್ನು ಬೆಳಕಿನ ಗೆರೆಗಳೇ ಹೇಳುತ್ತವೆ. ಆದರೆ ಸೋರುವ ಜಾಗವೆಲ್ಲ ಹೀಗೆ ಸಿಕ್ಕುವುದಿಲ್ಲ. ಒಡಕಿನಿಂದ ಇಳಿದ ನೀರು ರೀಪಿನ ಗುಂಟ ಹರಿದು, ಪಕ್ಕಾಸಿಗೆ ದಾಟಿ, ಎರಡು ಮಾರು ಆಚೆ ತೊಟ್ಟಿಕ್ಕುತ್ತದೆ. ಹೋದ ಮಳೆಗಾಲದಲ್ಲಿ ಪಾತ್ರೆ ಇಟ್ಟಿದ್ದು ಎಲ್ಲಿ ಎಂದು ಮನೆಯ ಹೆಂಗಸರನ್ನು ಕೇಳಿ, ಅಲ್ಲಿಂದ ಮೇಲಕ್ಕೆ ಮರದ ಮೇಲಿನ ನೀರಿನ ಕಲೆ ಹಿಡಿದು ಹುಡುಕಿಕೊಂಡು ಹೋಗುವುದು ಅನುಭವಸ್ಥರ ಕ್ರಮ. ಒಂದೆರಡು ಹಂಚು ಬದಲಿಸಬೇಕಿದ್ದರೆ ಮಾಡು ಹತ್ತುವುದೇ ಬೇಡ. ಒಳಗಿನಿಂದಲೇ ಮೇಲಿನ ಹಂಚನ್ನು ಎತ್ತಿ ಹಿಡಿದು ಒಡೆದದ್ದನ್ನು ಜಾರಿಸಿ ತೆಗೆದು ಹೊಸದನ್ನು ತೂರಿಸಬಹುದು.

ಅಂಗಳದಲ್ಲಿ ನಿಂತು ನೋಡುವುದು ಇನ್ನೊಂದು. ಮಾಡಿನ ಸಾಲು ನೇರವಾಗಿದೆಯೇ, ಎಲ್ಲಾದರೂ ತಗ್ಗಿದೆಯೇ ಎಂದು ದೂರದಿಂದಷ್ಟೇ ತಿಳಿಯುತ್ತದೆ. ತಗ್ಗಿದ ಕಡೆ ಪಕ್ಕಾಸು ಕುಂಬಾಗಿದೆ ಎಂದೇ ಅರ್ಥ. ತಾಳೆ, ಕಿರಾಲುಬೋಗಿ, ಹಲಸಿನ ಪಕ್ಕಾಸು ಒಂದು ತಲೆಮಾರು ಅಲುಗದೆ ನಿಂತರೂ, ಅಗ್ಗವೆಂದು ಹಾಕಿದ ಅಡಿಕೆ ಮರದ ರೀಪು ಬೇಗ ಕುಟ್ಟೆಗೆ ತುತ್ತಾಗುತ್ತದೆ. ಗೆದ್ದಲಿಗೆ ಮದ್ದೆಂದು ಮರಕ್ಕೆ ಗೇರು ಎಣ್ಣೆ ಬಳಿಯುವುದು ಕರಾವಳಿಯ ಹಳೆಯ ರೂಢಿ. ಮೈಗೆ ತಾಗಿದರೆ ಸುಡುವ ಎಣ್ಣೆ ಅದು. ಬಳಿದವರ ಕೈ ಸುಲಿಯುತ್ತಿತ್ತು.

ಮೇಲೆ ಹತ್ತಿದ ಮೇಲೆ ಕಾಲಿಡುವುದೇ ವಿದ್ಯೆ. ಹಂಚಿನ ನಡುವೆ ಕಾಲಿಟ್ಟರೆ ಒಡೆಯುತ್ತದೆ. ಎರಡು ಹಂಚು ಒಂದರ ಮೇಲೊಂದು ಕೂತು, ಕೆಳಗೆ ರೀಪಿನ ಆಸರೆ ಇರುವಲ್ಲಿ ಬರಿಗಾಲಿನಲ್ಲಿ ಮೆಟ್ಟಬೇಕು. ಅಭ್ಯಾಸವಿಲ್ಲದವನು ನಾಲ್ಕು ಹಂಚು ಸರಿಮಾಡಲು ಹೋಗಿ ಹತ್ತು ಒಡೆದು ಇಳಿಯುತ್ತಾನೆ. ಮಾಡಿನ ಮೇಲೆ ಏಣಿ ಮಲಗಿಸಿ ಅದರ ಮೇಲೆ ನಡೆಯುವವರೂ ಇದ್ದಾರೆ. ಮೇಲೆ ಮೊದಲು ನೋಡಬೇಕಾದ್ದು ಪಾಚಿ. ತೋಡುಗಳಲ್ಲಿ ಪಾಚಿ, ತರಗೆಲೆ ತುಂಬಿದರೆ ನೀರು ಹರಿಯುವ ದಾರಿ ಕಟ್ಟಿ ಪಕ್ಕಕ್ಕೆ ಉಕ್ಕಿ ಒಳಗಿಳಿಯುತ್ತದೆ. ಒಂದೂ ಹಂಚು ಒಡೆಯದ ಮಾಡು ಸೋರುವುದು ಹೆಚ್ಚಾಗಿ ಹೀಗೆ. ಆಮೇಲೆ ಎರಡು ಮಾಡು ಸೇರುವ ಮೂಲೆ. ಚೌಕಿ ಮನೆಗಳಲ್ಲಿ ನಾಲ್ಕು ದಿಕ್ಕಿನ ಮಾಡು ಒಳಂಗಳಕ್ಕೆ ಇಳಿಯುವ ಕಡೆ ಇಂಥ ನಾಲ್ಕು ಮೂಲೆಗಳಿರುತ್ತವೆ. ಮನೆಯ ನೀರೆಲ್ಲ ಅಲ್ಲಿ ಒಟ್ಟಾಗಿ ಬೀಳುತ್ತದೆ. ಅಲ್ಲಿ ಹಾಸಿದ ತಗಡು ತುಕ್ಕು ಹಿಡಿದು ತೂತಾಗಿದ್ದರೆ ಬೇರೆಲ್ಲ ರಿಪೇರಿ ವ್ಯರ್ಥ. ಕೊನೆಗೆ ತುದಿ. ಮಾಡಿನ ನೆತ್ತಿಗೆ ಕವುಚಿದ ಹಂಚುಗಳ ನಡುವಿನ ಗಾರೆ ಬಿಸಿಲಿಗೆ ಬಿರುಕುಬಿಟ್ಟಿದ್ದರೆ ಸುಣ್ಣದ ಗಾರೆಯನ್ನೋ, ಈಚೆಗೆ ಸಿಮೆಂಟನ್ನೋ ತುಂಬಬೇಕು. ಗಾಳಿ ನುಗ್ಗುವ ಪಡು, ತೆಂಕು ದಿಕ್ಕಿನ ಸೂರಿನ ಸಾಲನ್ನು ಹಂಚಿನ ಹಿಂದಿನ ತೂತಿನ ಮೂಲಕ ತಂತಿಯಿಂದ ಬಿಗಿಯುವುದೂ ಇದೆ. ಸೂರಿನಡಿ ನೀರು ಹರಿಸುವ ಅಡಿಕೆ ದಂಬೆ ಸೀಳಿದ್ದರೆ ಬದಲಾಯಿಸಿದ ಮೇಲೆ ಕೆಲಸ ಮುಗಿಯುತ್ತದೆ.

ಬದಲಿ ಹಂಚಿನ ವಿಚಾರದಲ್ಲೊಂದು ಇಕ್ಕಟ್ಟಿತ್ತು. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಬಗೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಏಣು ತೋಡಿಗೆ ಕೂರುವುದಿಲ್ಲ, ಸಂದಿನಲ್ಲಿ ಗಾಳಿಮಳೆ ನುಗ್ಗುತ್ತದೆ. ಅದಕ್ಕೇ ಮನೆ ಕಟ್ಟುವಾಗಲೇ ಅದೇ ಕಾರ್ಖಾನೆಯ ಒಂದಷ್ಟು ಹಂಚನ್ನು ಹೆಚ್ಚು ತಂದು ಹಿತ್ತಲಲ್ಲಿ ಒಟ್ಟಿಡುತ್ತಿದ್ದರು. ಒಟ್ಟಿದ ರಾಶಿ ಮಕ್ಕಳ ಕಾಲಕ್ಕೂ ಮೊಮ್ಮಕ್ಕಳ ಕಾಲಕ್ಕೂ ಒದಗುತ್ತಿತ್ತು.

ಹಂಚಿನ ಮಾಡು ಬಹುಕಾಲ ಉಳ್ಳವರ ಗುರುತಾಗಿಯೇ ಉಳಿಯಿತು. ಗೇಣಿಗೆ ಬದುಕುತ್ತಿದ್ದ ಒಕ್ಕಲಿಗೆ ತಾನು ಕೂತ ನೆಲವೇ ತನ್ನದಲ್ಲ; ಯಾವಾಗ ಏಳಿಸುತ್ತಾರೋ ತಿಳಿಯದ ಜಾಗದಲ್ಲಿ ದುಡ್ಡು ಹಾಕಿ ಹಂಚು ಹೊದಿಸುವುದು ಬುದ್ಧಿವಂತಿಕೆಯಾಗಿರಲಿಲ್ಲ. ಮುಳಿ ಮನೆ ಉಳಿದದ್ದು ಬಡತನದಿಂದ ಎಷ್ಟೋ ಭೂಮಿಯ ಹಕ್ಕಿಲ್ಲದ್ದರಿಂದಲೂ ಅಷ್ಟೇ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಅನಂತರ ಗೇಣಿದಾರರು ಒಡೆಯರಾದಾಗ ಕರಾವಳಿಯಲ್ಲಿ ಕಣ್ಣಿಗೆ ಬಿದ್ದ ಬದಲಾವಣೆಗಳಲ್ಲಿ ಮಾಡಿನದೂ ಒಂದು. ಸರ್ಕಾರದ ವಸತಿ ಯೋಜನೆಗಳೂ ಹುಲ್ಲಿನ ಗುಡಿಸಲನ್ನು ಹಂಚಿನ ಮನೆಯಾಗಿಸುವ ಗುರಿ ಇಟ್ಟುಕೊಂಡವು. ಹುಲ್ಲು ಹೊದಿಸುವ ಕೂಟಗಳು ಒಂದೊಂದಾಗಿ ನಿಂತದ್ದು ಆಗ. ಗುಡ್ಡೆಯ ಮುಳಿಯೂ ಬಹಳ ಕಾಲ ಉಳಿಯಲಿಲ್ಲ. ಗೇರು, ಅಕೇಶಿಯಾ, ರಬ್ಬರ್ ಅದರ ಜಾಗ ಹಿಡಿದವು.

ಬಯಲುಸೀಮೆಯ ಕಥೆ ಬೇರೆ. ಗದಗ, ಬಳ್ಳಾರಿ, ಚಿತ್ರದುರ್ಗದ ಕಡೆ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಅಲ್ಲಿನ ಮಾಳಿಗೆ ಮನೆಗಳದು ಮಟ್ಟಸವಾದ ಮಣ್ಣಿನ ಮಾಡು: ತೊಲೆ, ಜಂತಿ, ಅದರ ಮೇಲೆ ಸೀಳಿದ ಕಟ್ಟಿಗೆ, ಸೊಪ್ಪು, ಮೇಲೆ ಗೇಣು ದಪ್ಪ ಮಣ್ಣು. ಮುಂಗಾರಿಗೆ ಮುನ್ನ ಇಲ್ಲಿಯೂ ಮಾಳಿಗೆ ಹತ್ತಲೇಬೇಕು. ಬೆಳೆದ ಹುಲ್ಲು ಕಿತ್ತು, ಇಲಿ ಬಿಲ ಮುಚ್ಚಿ, ಬೆಳಕಿಂಡಿಯ ಸುತ್ತ ಕಟ್ಟೆ ಸರಿಪಡಿಸಿ, ಊರಾಚೆಯ ಚೌಳು ನೆಲದಿಂದ ತಂದ ಕರ್ಲು ಮಣ್ಣನ್ನು ಒಂದು ಪದರ ಹರಡುತ್ತಾರೆ. ಬೆಳೆಗೆ ಬಾರದ ಈ ಮಣ್ಣು ಮಾಳಿಗೆಗೆ ಮಾತ್ರ ಹೇಳಿಮಾಡಿಸಿದ್ದು. ಅದರಲ್ಲಿರುವ ಸೋಡಿಯಂನಿಂದಾಗಿ ನೀರು ತಾಕಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ಬಿದ್ದ ನೀರು ಕೆಳಗಿಳಿಯದೆ ಹೊರಕ್ಕೆ ಹರಿಯುತ್ತದೆ. ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ರೈತರು ಇದನ್ನು ಕಂಡುಕೊಂಡಿದ್ದರು. ಇದರಲ್ಲಿರುವ ಅಪಾಯವೂ ಸಣ್ಣದಲ್ಲ. ಹಳೆಯದನ್ನು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣು ಹಾಕುತ್ತ ಹೋದರೆ ಜಂತಿಯ ಮೇಲೆ ಭಾರ ಬೆಳೆಯುತ್ತದೆ. ಬಿಡದೆ ಸುರಿದ ಮಳೆಯಲ್ಲಿ ಆ ಮಣ್ಣೆಲ್ಲ ನೀರು ಕುಡಿದಾಗ ಮಾಳಿಗೆ ಗೋಡೆಯೊಂದಿಗೆ ಕುಸಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮಣ್ಣಿನ ಮನೆಗಳು ಬಿದ್ದದ್ದು ಹೀಗೆಯೇ.

ಇಪ್ಪತ್ತನೆಯ ಶತಮಾನದ ಕೊನೆಯ ಕಾಲುಭಾಗದಲ್ಲಿ ಕಾಂಕ್ರೀಟ್ ತಾರಸಿ ಎಲ್ಲ ಸೀಮೆಗಳಿಗೂ ಒಂದೇ ಮಾಡಾಯಿತು. ಇನ್ನು ಮೇಲೆ ಹತ್ತಬೇಕಿಲ್ಲ ಎಂಬುದೇ ಅದರ ದೊಡ್ಡ ಆಕರ್ಷಣೆ. ಹಂಚಿನ ಕಾರ್ಖಾನೆಗಳಿಗೆ ಜೇಡಿಯೂ ಸೌದೆಯೂ ದುಬಾರಿಯಾದವು, ಬೇಡಿಕೆ ಇಳಿಯಿತು, ಮಂಗಳೂರಿನ ನದಿದಡದ ಹಳೆಯ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಕಾರ್ಖಾನೆ ಮುಚ್ಚಿದಂತೆ ಅದೇ ಅಚ್ಚಿನ ಬದಲಿ ಹಂಚು ಸಿಗುವುದೂ ನಿಂತಿತು. ಮಾಡು ಹತ್ತಬಲ್ಲವರು ವಯಸ್ಸಾಗಿ ಹಿಂದೆ ಸರಿದರು, ಅವರ ಮಕ್ಕಳು ಬೇರೆ ಕೆಲಸ ಹಿಡಿದರು. ಕಾಡು ಕರಗಿ ಮಂಗಗಳು ಊರಿಗಿಳಿದ ಮೇಲಂತೂ ಮಲೆನಾಡಿನಲ್ಲಿ ಹಂಚಿನ ಮಾಡನ್ನು ಕಾಯುವುದು ದಿನನಿತ್ಯದ ಕಾಟವಾಯಿತು.

ಆದರೆ 3500 ಮಿಲಿಮೀಟರ್ ಮಳೆಗೆ ಮಟ್ಟಸ ತಾರಸಿ ಒಗ್ಗಲಿಲ್ಲ. ನೀರು ನಿಂತು, ಕೂದಲೆಳೆಯ ಬಿರುಕಿನಿಂದ ಇಳಿದು, ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿ ಗಾರೆ ಉದುರಿಸತೊಡಗಿತು. ಕರಾವಳಿಯವರು ಕಂಡುಕೊಂಡ ಪರಿಹಾರ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ಇಳಿಜಾರಾಗಿ ತಗಡಿನ ಶೀಟು ಹೊದಿಸುವುದು. ಇಂದು ಪುತ್ತೂರು, ಸುಳ್ಯ, ಬೆಳ್ತಂಗಡಿಯ ಕಡೆ ಹೋದರೆ ತಾರಸಿ ಮನೆಗಳ ನೆತ್ತಿಯ ಮೇಲೆ ಇಂಥ ಎರಡನೆಯ ಮಾಡು ಎಲ್ಲೆಲ್ಲೂ ಕಾಣುತ್ತದೆ. ಅಡಿಕೆ ಒಣಗಿಸಲು, ಬಟ್ಟೆ ಹರವಲು ಅನುಕೂಲ ಎಂಬುದು ನಿಜ. ಒಂದು ಮನೆಗೆ ಎರಡು ಮಾಡಿನ ಖರ್ಚು ಎಂಬುದೂ ಅಷ್ಟೇ ನಿಜ. ಶೀಟನ್ನು ಬಿಗಿದ ಪ್ರತಿ ತಿರುಪಿನಡಿಯೂ ನೀರಿಳಿಯದಂತೆ ಒಂದು ರಬ್ಬರಿನ ಬಿಲ್ಲೆ ಇರುತ್ತದೆ. ಬಿಸಿಲಿಗೆ ಅದು ಕೆಲವೇ ವರ್ಷಗಳಲ್ಲಿ ಗಟ್ಟಿಯಾಗಿ ಒಡೆಯುತ್ತದೆ, ತಿರುಪು ಸಡಿಲವಾಗುತ್ತದೆ, ಗಾಳಿಗೆ ಶೀಟು ಬಡಿದುಕೊಳ್ಳತೊಡಗುತ್ತದೆ. ಆದ್ದರಿಂದ ಪತ್ತನಾಜೆಯೊಳಗೆ ಒಬ್ಬರು ಮೇಲೆ ಹತ್ತಿ ತಿರುಪುಗಳನ್ನು ಒಂದೊಂದಾಗಿ ನೋಡಿ ಬಿಗಿ ಮಾಡಲೇಬೇಕು.